ನಿವೃತ್ತಿಗೆ ಒಂದು ಕೋಟಿ ಸಾಕೇ? ಕಟಪಾಡಿಯ ಒಂದು ಮನೆಯ ಲೆಕ್ಕ

ಪ್ರಶ್ನೆ: ನನಗೆ 52 ವರ್ಷ, ಹೆಂಡತಿಗೆ 47. ಬೈಕಂಪಾಡಿಯ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ, 58ಕ್ಕೆ ನಿವೃತ್ತಿ. ಉಡುಪಿ ಹತ್ತಿರದ ಕಟಪಾಡಿಯಲ್ಲಿ ಎರಡಂತಸ್ತಿನ ಸ್ವಂತ ಮನೆ ಇದೆ, ಸಾಲ ತೀರಿದೆ. ಮಗಳ ಮದುವೆಗೆ ಬೇರೆ ಹಣ ಇಟ್ಟಿದ್ದೇನೆ. ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಹಾಸ್ಟೆಲ್‌ನಲ್ಲಿದ್ದಾನೆ. ಪಿಎಫ್ ಮತ್ತು ಪಿಪಿಎಫ್ ಸೇರಿ 52 ಲಕ್ಷ, ಬ್ಯಾಂಕ್ ಎಫ್‌ಡಿ 24 ಲಕ್ಷ, ಸೊಸೈಟಿಯಲ್ಲಿ ಠೇವಣಿ 12 ಲಕ್ಷ, ಮ್ಯೂಚುವಲ್ ಫಂಡ್ 20 ಲಕ್ಷ ಇದೆ. ಮನೆಖರ್ಚು ತಿಂಗಳಿಗೆ 45,000 ಬರುತ್ತದೆ. ಎಲ್ಲ ಕಳೆದು ತಿಂಗಳಿಗೆ 35,000 ಉಳಿಯುತ್ತದೆ, ಅದನ್ನು ಆರ್‌ಡಿಗೆ ಹಾಕುತ್ತೇನೆ. ಒಬ್ಬರು ಒಂದು ಕೋಟಿ ಸಾಕು ಎನ್ನುತ್ತಾರೆ, ಇನ್ನೊಬ್ಬರು ಐದು ಕೋಟಿ ಬೇಕು ಎನ್ನುತ್ತಾರೆ. ನಮಗೆ ನಿಜವಾಗಿ ಎಷ್ಟು ಬೇಕು?

ಉತ್ತರ: ನಮಸ್ಕಾರ. ಒಂದು ಕೋಟಿಯೂ ಐದು ಕೋಟಿಯೂ ನಿಮ್ಮ ಮನೆಯನ್ನು ನೋಡದೆ ಹೇಳಿದ ಮಾತು. ನಿಮಗೆ ಬೇಕಾದ ಮೊತ್ತ ಮೂರು ಸಂಗತಿಗಳಿಂದ ಹುಟ್ಟುತ್ತದೆ: ನಿಮ್ಮ ಮನೆಯ ನಿಜವಾದ ವಾರ್ಷಿಕ ಖರ್ಚು, ನಿಮ್ಮಿಬ್ಬರಲ್ಲಿ ಕಿರಿಯರಾದವರು ಬದುಕಬಹುದಾದ ವರ್ಷಗಳು, ಮತ್ತು ಬೆಲೆಯೇರಿಕೆಗಿಂತ ನಿಮ್ಮ ಹಣ ಎಷ್ಟು ಮುಂದೆ ಓಡುತ್ತದೆ ಎಂಬುದು. ಮೂರನ್ನೂ ಒಂದೊಂದಾಗಿ ನೋಡೋಣ. ನೀವು ಅಕೌಂಟ್ಸ್‌ನವರು, ಲೆಕ್ಕ ನಿಮಗೆ ಹೊಸತಲ್ಲ.

ಮೊದಲು ಆ 45,000ವನ್ನೇ ಹಿಡಿಯೋಣ. ಖರ್ಚು ಕೇಳಿದಾಗ ಹೆಚ್ಚಿನವರು ಹೇಳುವುದು ತಿಂಗಳ ಮಾಮೂಲಿ ಖರ್ಚು: ಕುಚ್ಚಲಕ್ಕಿ, ಹಾಲು, ಮೀನು, ತರಕಾರಿ, ಗ್ಯಾಸು, ಕರೆಂಟು, ಪೆಟ್ರೋಲು, ಮೊಬೈಲು. ವರ್ಷಕ್ಕೊಮ್ಮೆ ಬರುವುದು, ಮೂರು ವರ್ಷಕ್ಕೊಮ್ಮೆ ಬರುವುದು ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಎರಡು ಮೂರು ತಿಂಗಳು ಬರೆದಿಟ್ಟು ಸರಾಸರಿ ತೆಗೆದರೂ ನಮ್ಮ ಕರಾವಳಿಯಲ್ಲಿ ತಪ್ಪುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧದಲ್ಲಿ ಬಂಗುಡೆ, ಅಂಜಲ್‌ನ ದರವೇ ಬೇರೆ. ನವೆಂಬರ್‌ನಿಂದ ಮೇವರೆಗೆ ಮದುವೆ, ಗೃಹಪ್ರವೇಶ, ನೇಮ, ಬ್ರಹ್ಮಕಲಶದ ಕಾಲ. ಏಪ್ರಿಲ್–ಮೇಯಲ್ಲಿ ಫ್ಯಾನು, ಏಸಿ, ಬಾವಿ ಬತ್ತಿದರೆ ಟ್ಯಾಂಕರ್ ನೀರು. ಆದ್ದರಿಂದ ಇಡೀ ವರ್ಷದ ಲೆಕ್ಕವೇ ಬೇಕು.

ಹನ್ನೆರಡು ತಿಂಗಳು ಕಾಯಬೇಕಾಗಿಲ್ಲ. ಕಳೆದ ಒಂದು ವರ್ಷದ ಪಾಸ್‌ಪುಸ್ತಕ ತೆಗೆಯಿರಿ. ಖಾತೆಯಿಂದ ಹೊರಹೋದ ಒಟ್ಟು ಹಣವನ್ನು ಕೂಡಿಸಿ. ಅದರಲ್ಲಿ ಆರ್‌ಡಿ, ಎಫ್‌ಡಿ, ಪಿಪಿಎಫ್, ಫಂಡ್‌ಗೆ ಹೋದದ್ದನ್ನು, ಒಂದು ಖಾತೆಯಿಂದ ನಿಮ್ಮದೇ ಇನ್ನೊಂದು ಖಾತೆಗೆ ಹೋದದ್ದನ್ನು ಕಳೆಯಿರಿ. ಉಳಿದದ್ದೇ ಖರ್ಚು. ನೆನಪಿನಿಂದ ಬರೆದ ಪಟ್ಟಿಗಿಂತ ಈ ಸಂಖ್ಯೆ ಯಾವಾಗಲೂ ದೊಡ್ಡದಿರುತ್ತದೆ.

ನಿಮ್ಮಂಥ ಮನೆಗೆ ತಿಂಗಳ ಖರ್ಚಿನ ಮೇಲೆ ಸೇರುವ ವಾರ್ಷಿಕ ಬಾಬ್ತುಗಳನ್ನು ಅಂದಾಜಿಗೆ ಹೀಗೆ ಇಡೋಣ. ನಿಮ್ಮ ಪಾಸ್‌ಪುಸ್ತಕ ಬೇರೆ ಹೇಳಿದರೆ ಅದನ್ನೇ ಹಾಕಿ. ಆರೋಗ್ಯ ವಿಮೆ 45,000. ಕಾರು–ಸ್ಕೂಟರಿನ ವಿಮೆ, ಸರ್ವೀಸು 25,000. ಕುಟುಂಬದ ಮನೆಯ ದೈವಕ್ಕೆ, ನಾಗನಿಗೆ ಸಲ್ಲಿಸುವ ಪಾಲು, ಹಬ್ಬ, ಮದುವೆ ಉಡುಗೊರೆ 40,000. ಬೆಂಗಳೂರಿಗೆ ಮಕ್ಕಳ ಬಳಿ ಹೋಗಿಬರುವುದು, ಒಂದು ಯಾತ್ರೆ 35,000.

ಇನ್ನು ಮನೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸ್ವಂತ ಮನೆ ಇದೆ ಎಂದ ಕೂಡಲೇ ವಸತಿಯ ಖರ್ಚು ಸೊನ್ನೆ ಎಂದು ಬರೆಯುವವರೇ ಜಾಸ್ತಿ. ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ, ಗಾರೆಯ ಮೇಲೆ ಹಾವಸೆ ಕಟ್ಟುತ್ತದೆ. ಹೊರಗಿನ ಪೇಂಟು ಬಯಲುಸೀಮೆಯಲ್ಲಿ ಬಾಳುವಷ್ಟು ವರ್ಷ ಇಲ್ಲಿ ಬಾಳುವುದಿಲ್ಲ. ಕಟಪಾಡಿಯಂಥ ಕಡಲಿಗೆ ಹತ್ತಿರದ ಊರಲ್ಲಿ ಉಪ್ಪುಗಾಳಿಗೆ ಕಿಟಕಿಯ ಸರಳು, ಗೇಟು, ಏಸಿಯ ಹೊರಗಿನ ಘಟಕ ಎಲ್ಲವೂ ಬೇಗ ತುಕ್ಕು ಹಿಡಿಯುತ್ತವೆ. ತಾರಸಿ ಸೋರತೊಡಗಿದರೆ ಕೊನೆಗೆ ಮೇಲೆ ಶೀಟು ಹಾಕಿಸುವುದೇ ದಾರಿ, ಅದು ಲಕ್ಷಗಳ ಮಾತು. ಬಾವಿಯ ಪಂಪು, ಇನ್ವರ್ಟರ್ ಬ್ಯಾಟರಿ, ತೆಂಗಿನಕಾಯಿ ಕೀಳಿಸುವುದು, ಮಳೆಗಾಲಕ್ಕೆ ಮೊದಲು ಚರಂಡಿ ಬಿಡಿಸುವುದು, ಪಂಚಾಯತ್ ತೆರಿಗೆ ಎಲ್ಲ ಇವೆ. ಮೊದಲು ನೀವೇ ಏಣಿ ಹತ್ತಿ ಮಾಡುತ್ತಿದ್ದ ಕೆಲಸಕ್ಕೆ 65 ದಾಟಿದ ಮೇಲೆ ಆಳು ಕರೆಯಬೇಕಾಗುತ್ತದೆ. ಸರಾಸರಿ ವರ್ಷಕ್ಕೆ 35,000 ಇಡೋಣ. ತಾರಸಿಯಂಥ ದೊಡ್ಡ ಕೆಲಸಕ್ಕೆ ಬೇರೆ ಮೊತ್ತ ಕಾದಿಡಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಈ ಬಾಬ್ತುಗಳು ಸೇರಿ 1,80,000. ತಿಂಗಳ ಖರ್ಚು ವರ್ಷಕ್ಕೆ 5,40,000. ಒಟ್ಟು 7,20,000. ಇದರಲ್ಲಿ ನಿವೃತ್ತಿಯ ಹೊತ್ತಿಗೆ ನಿಲ್ಲುವಂಥವೂ ಇವೆ: ಮಗನ ಹಾಸ್ಟೆಲ್ ಖರ್ಚು ತಿಂಗಳಿಗೆ 8,000, ಬೈಕಂಪಾಡಿಗೆ ದಿನಾ ಹೋಗಿಬರುವ ಖರ್ಚು 4,500, ವರ್ಷಕ್ಕೆ 1,50,000. ಹೊಸದಾಗಿ ಸೇರುವುದೂ ಇದೆ: ಕಂಪನಿಯ ಮೆಡಿಕಲ್ ಸೌಲಭ್ಯ ಹೋದ ಮೇಲೆ ಮಾತ್ರೆ, ರಕ್ತಪರೀಕ್ಷೆ, ಹಲ್ಲು–ಕಣ್ಣು ಎಂದು ಕೈಯಿಂದ ಕೊಡುವ 30,000. ಕೂಡಿ ಕಳೆದರೆ ಇವತ್ತಿನ ಬೆಲೆಯಲ್ಲಿ ವರ್ಷಕ್ಕೆ 6 ಲಕ್ಷ, ಅಂದರೆ ತಿಂಗಳಿಗೆ 50,000.

ಈಗ ಒಂದು ಕೋಟಿಯ ಮಾತನ್ನು ಪರೀಕ್ಷಿಸಬಹುದು. ಇವತ್ತೇ ನಿವೃತ್ತರಾದವರೊಬ್ಬರು ಒಂದು ಕೋಟಿಯನ್ನು ಶೇ. 6.5ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 6.5 ಲಕ್ಷ ಬಡ್ಡಿ. ಖರ್ಚು 6 ಲಕ್ಷ. ಸಾಕಾಗಿ ಮಿಕ್ಕಿತಲ್ಲ ಎನಿಸುತ್ತದೆ, ಮೊದಲ ಎರಡು ವರ್ಷ ಮಿಗುವುದೂ ಹೌದು. ಆದರೆ ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ ಖರ್ಚು 12 ವರ್ಷಕ್ಕೆ ಎರಡರಷ್ಟಾಗುತ್ತದೆ, ಬಡ್ಡಿ ಇದ್ದಲ್ಲೇ ಇರುತ್ತದೆ. ಕೆಲವೇ ವರ್ಷಗಳಲ್ಲಿ ಅಸಲಿಗೆ ಕೈ ಹಾಕಬೇಕಾಗುತ್ತದೆ, ಕೈ ಹಾಕಿದಷ್ಟೂ ಬಡ್ಡಿ ಇಳಿಯುತ್ತದೆ. ಲೆಕ್ಕ ಹಾಕಿದರೆ ಆ ಕೋಟಿ ಸುಮಾರು 17 ವರ್ಷಕ್ಕೆ ಮುಗಿಯುತ್ತದೆ. 58ಕ್ಕೆ ಬಿಟ್ಟವರಿಗೆ 75. ಐದು ವರ್ಷ ಕಿರಿಯರಾದ ಹೆಂಡತಿಗೆ ಆಗ ಕೇವಲ 70.

ಎರಡನೆಯ ಸಂಗತಿಯ ತಿರುಳು ಇಲ್ಲಿದೆ. ಗಂಡಸರು ತಮ್ಮ ಆಯಸ್ಸನ್ನು ಅಂದಾಜು ಮಾಡಿ ಲೆಕ್ಕ ಹಾಕುತ್ತಾರೆ. ಹಣ ಬಾಳಬೇಕಾದ್ದು ನಿಮ್ಮ ಆಯಸ್ಸಿನಷ್ಟಲ್ಲ, ನಿಮ್ಮ ಮನೆಯವರ ಆಯಸ್ಸಿನಷ್ಟು. ಅವರಿಗೆ 90 ಆಗುವ ತನಕ ಎಂದು ಹಿಡಿಯಿರಿ. ನೀವು 58ಕ್ಕೆ ನಿವೃತ್ತರಾಗುವಾಗ ಅವರಿಗೆ 53. ಹಾಗಾದರೆ 37 ವರ್ಷ. ಒಬ್ಬರೇ ಉಳಿದಾಗ ಖರ್ಚು ಅರ್ಧಕ್ಕಿಳಿಯುತ್ತದೆ ಎಂದು ಎಣಿಸಬೇಡಿ. ಮನೆ, ಕರೆಂಟು, ಕೆಲಸದವರು, ಪೇಂಟು ಎಲ್ಲ ಇದ್ದ ಹಾಗೆಯೇ ಇರುತ್ತವೆ. ಆಗ ಒಂಟಿಯಾಗಿರುವವರ ಜೊತೆಗೆ ರಾತ್ರಿ ಒಬ್ಬರು ಬೇಕಾಗುತ್ತದೆ.

ಮೂರನೆಯದು, ಹಣದ ಓಟ. ನಿವೃತ್ತಿಯ ನಂತರ ಶೇ. 40ರಷ್ಟು ಷೇರುಗಳಲ್ಲಿ ಹೂಡುವ ಈಕ್ವಿಟಿ ಫಂಡಿನಲ್ಲಿ, ಶೇ. 60ರಷ್ಟು ಎಫ್‌ಡಿ, ಅಂಚೆ ಕಚೇರಿಯ ಯೋಜನೆ, ಸರಕಾರಿ ಬಾಂಡ್‌ಗಳಲ್ಲಿ ಇಟ್ಟಿರಿ ಎನ್ನೋಣ. ದೀರ್ಘಾವಧಿಯಲ್ಲಿ ಮೊದಲನೆಯದರಿಂದ ಶೇ. 10, ಎರಡನೆಯದರಿಂದ ತೆರಿಗೆ ಕಳೆದು ಶೇ. 6 ಎಂದರೆ ಸರಾಸರಿ ಶೇ. 7.5ರ ಆಸುಪಾಸು. ಇದು ಲೆಕ್ಕಕ್ಕಾಗಿ ಇಟ್ಟುಕೊಂಡದ್ದು, ಯಾರೂ ಕೊಟ್ಟ ಭರವಸೆಯಲ್ಲ. ಬೆಲೆಯೇರಿಕೆಯನ್ನು ಶೇ. 6 ಎಂದು ಹಿಡಿಯುತ್ತೇನೆ. ರಿಸರ್ವ್ ಬ್ಯಾಂಕಿನ ಗುರಿ ಶೇ. 4, ಎರಡು ಹೆಚ್ಚು ಅಥವಾ ಎರಡು ಕಡಿಮೆ. ಆ ಮೇಲ್ಮಿತಿಯನ್ನೇ ಇಟ್ಟುಕೊಳ್ಳುವುದು ಕ್ಷೇಮ, ಯಾಕೆಂದರೆ ವಯಸ್ಸಾದವರ ಖರ್ಚಿನಲ್ಲಿ ಔಷಧಿ ಮತ್ತು ಆಳಿನ ಸಂಬಳದ ಪಾಲು ಹೆಚ್ಚು, ಅವೆರಡೂ ಬೇಗ ಏರುವಂಥವು.

ಈ ಎರಡು ಸಂಖ್ಯೆಗಳ ಅಂತರ ಒಂದೂವರೆ ಮಾತ್ರ. ಆ ಅಂತರದಲ್ಲಿ ನಿವೃತ್ತಿಯ ಮೊದಲ ವರ್ಷದ ಖರ್ಚಿನ ಎಷ್ಟು ಪಟ್ಟು ಕೈಯಲ್ಲಿರಬೇಕು? 20 ವರ್ಷಕ್ಕೆ ಹದಿನೇಳೂವರೆ ಪಟ್ಟು, 25 ವರ್ಷಕ್ಕೆ 21, 30 ವರ್ಷಕ್ಕೆ ಇಪ್ಪತ್ತನಾಲ್ಕೂವರೆ, 37 ವರ್ಷಕ್ಕೆ 29. ಎಲ್ಲ ಹಣವನ್ನೂ ಎಫ್‌ಡಿಯಲ್ಲೇ ಇಟ್ಟು ತೆರಿಗೆ ಕಳೆದ ಬಡ್ಡಿ ಬೆಲೆಯೇರಿಕೆಗೆ ಸಮನಾದರೆ ಪಟ್ಟು ಅಷ್ಟೇ ವರ್ಷಗಳಷ್ಟು, ಅಂದರೆ 37. ಖರ್ಚಿನ 25 ಪಟ್ಟು ಇದ್ದರೆ ಸಾಕು ಎಂಬ ಸೂತ್ರ ನೀವು ಕೇಳಿರಬಹುದು. ಅದು 1994ರಲ್ಲಿ ಅಮೆರಿಕದ ವಿಲಿಯಂ ಬೆಂಗೆನ್ ಅಲ್ಲಿನ ಷೇರು–ಬಾಂಡ್‌ಗಳ ಇತಿಹಾಸ ನೋಡಿ, 30 ವರ್ಷದ ನಿವೃತ್ತಿಗೆ ಹೇಳಿದ್ದು. 53ರ ಹೆಂಡತಿ ಇರುವ ಮನೆಗೆ ಅದು ಸಾಲದು.

ಈಗ ಕೂಡಿಸೋಣ. ಇವತ್ತಿನ 6 ಲಕ್ಷ ಆರು ವರ್ಷದ ನಂತರ ಸುಮಾರು 8.5 ಲಕ್ಷ. ಇದರಿಂದ ಆಜೀವ ಬರುವ ಖಚಿತ ಆದಾಯವನ್ನು ಕಳೆಯಬೇಕು. ನಿಮಗಿರುವುದು ಇಪಿಎಸ್, ಅಂದರೆ ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆಯ ಪಿಂಚಣಿ ಒಂದೇ. ಅದರ ಲೆಕ್ಕ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸಂಬಳದ ಮಿತಿ 15,000. 2014ರ ಸೆಪ್ಟೆಂಬರ್‌ಗೆ ಮೊದಲಿನ ಸೇವೆಗೆ 6,500. ಆದ್ದರಿಂದ ಕೈಗೆ ಎಷ್ಟೇ ಸಂಬಳ ಬರುತ್ತಿದ್ದರೂ ನಿಮಗೆ ಬರುವುದು ತಿಂಗಳಿಗೆ 5,500ರ ಸುಮಾರು. 58ಕ್ಕೆ ಮೊದಲೇ ತೆಗೆದುಕೊಂಡರೆ ವರ್ಷಕ್ಕೆ ಶೇ. 4ರಂತೆ ಕಡಿತ. ವರ್ಷಕ್ಕೆ 66,000, ಬೆಲೆ ಏರಿದರೂ ಇದು ಏರುವುದಿಲ್ಲ, ಹಾಗಾಗಿ ಅರ್ಧವನ್ನಷ್ಟೇ, 33,000 ಕಳೆಯಿರಿ. ಉಳಿದ 8.2 ಲಕ್ಷವನ್ನು 29ರಿಂದ ಗುಣಿಸಿದರೆ 2.38 ಕೋಟಿ.

ಇದರ ಮೇಲೆ ಮುಟ್ಟದೆ ಇಡಬೇಕಾದ ನಿಧಿ. ಆಸ್ಪತ್ರೆಯ ಬಿಲ್ಲಿಗೆ ವಿಮೆ ಇದೆ, ಆದರೆ ಡಿಸ್ಚಾರ್ಜ್ ಆದ ಮೇಲಿನ ತಿಂಗಳುಗಳಿಗೆ ಇಲ್ಲ. ಲಕ್ವ ಹೊಡೆದು ಮಲಗಿದವರಿಗೆ, ಸೊಂಟದ ಮೂಳೆ ಮುರಿದವರಿಗೆ, ಮರೆವಿನ ಕಾಯಿಲೆಯವರಿಗೆ ಹೋಮ್ ನರ್ಸ್ ಬೇಕು. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಇರುವ ಉಡುಪಿ–ಮಂಗಳೂರಿನ ಮನೆಗಳಲ್ಲಿ ನಿವೃತ್ತಿಯ ಲೆಕ್ಕ ತಲೆಕೆಳಗಾಗುವುದು ಹೆಚ್ಚಾಗಿ ಇಲ್ಲೇ. ತಿಂಗಳಿಗೆ 25,000ದಂತೆ, ಒಬ್ಬೊಬ್ಬರಿಗೆ ಎರಡು ವರ್ಷ ಎಂದರೆ ಇಬ್ಬರಿಗೆ 12 ಲಕ್ಷ. ವಿಮೆ ಕೊಡದ ಆಸ್ಪತ್ರೆ ಖರ್ಚಿಗೆ 8 ಲಕ್ಷ. ತಾರಸಿ, ಪೈಪು, ಬಾವಿಯಂಥ ದೊಡ್ಡ ರಿಪೇರಿಗೆ 5 ಲಕ್ಷ. ಒಟ್ಟು 25 ಲಕ್ಷ. ಆರು ವರ್ಷದ ನಂತರದ ಬೆಲೆಯಲ್ಲಿ 35.5 ಲಕ್ಷ.

ಹಾಗಾದರೆ 58ಕ್ಕೆ ನಿಮಗೆ ಬೇಕಾದ್ದು ಸುಮಾರು 2.74 ಕೋಟಿ. ಇವತ್ತಿನ ಬೆಲೆಯಲ್ಲಿ ಹೇಳುವುದಾದರೆ 1.93 ಕೋಟಿ.

ನಿಮ್ಮಲ್ಲಿರುವುದು? 52 ಲಕ್ಷದ ಪಿಎಫ್–ಪಿಪಿಎಫ್ ಶೇ. 7.5ರಂತೆ ಬೆಳೆದು, ಮುಂದಿನ ವಂತಿಗೆಯೂ ಸೇರಿ ಸುಮಾರು 90 ಲಕ್ಷ ಆದೀತು. ಎಫ್‌ಡಿ ಮತ್ತು ಸೊಸೈಟಿಯ 36 ಲಕ್ಷ, ತೆರಿಗೆ ಕಳೆದು 51 ಲಕ್ಷ. ಫಂಡಿನ 20 ಲಕ್ಷ ಶೇ. 10ರಂತೆ ಸುಮಾರು 35.5 ಲಕ್ಷ. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿಗೆ 9 ಲಕ್ಷ ಇಟ್ಟಿದ್ದೇನೆ. ಕೊನೆಯ ಮೂಲವೇತನ ಮತ್ತು ಡಿಎಯನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ಸೇವೆಯ ವರ್ಷಗಳಿಂದ ಗುಣಿಸಿದರೆ ನಿಮ್ಮದು ಸಿಗುತ್ತದೆ. ಒಟ್ಟು 1.86 ಕೋಟಿ. ತಿಂಗಳ 35,000ವನ್ನು ಆರ್‌ಡಿಯ ಬದಲು, ಷೇರು ಸೂಚ್ಯಂಕದ ಜೊತೆ ಸಾಗುವ ಈಕ್ವಿಟಿ ಇಂಡೆಕ್ಸ್ ಫಂಡಿನ ತಿಂಗಳ ಕಂತಿಗೆ, ಅಂದರೆ ಎಸ್‌ಐಪಿಗೆ ತಿರುಗಿಸಿದರೆ, ಶೇ. 10ರ ಲೆಕ್ಕದಲ್ಲಿ ಇನ್ನೊಂದು 34 ಲಕ್ಷ. ಆಗಲೂ 2.20 ಕೋಟಿ. 54 ಲಕ್ಷ ಕಡಿಮೆ.

ಇದನ್ನು ಓದಿ ಎದೆಗುಂದಬೇಡಿ. ಈ ಕೊರತೆಯನ್ನು ಹೆಚ್ಚು ಲಾಭದ ಹೂಡಿಕೆ ಹುಡುಕಿ ತುಂಬಲು ಹೋಗಬೇಡಿ ಎಂದು ಮಾತ್ರ ಕೈಮುಗಿದು ಕೇಳುತ್ತೇನೆ. 50 ದಾಟಿದವರು ಹಣ ಕಳೆದುಕೊಳ್ಳುವುದು ಹೀಗೆ ಕೊರತೆ ಕಂಡು ಗಾಬರಿಯಾದಾಗಲೇ. ಇದನ್ನು ತುಂಬಲು ಎಲ್ಲಕ್ಕಿಂತ ಬಲವಾದ ದಾರಿ ಇನ್ನೆರಡು ವರ್ಷದ ಸಂಪಾದನೆ. 60ಕ್ಕೆ ನಿಲ್ಲಿಸಿದರೆ ಹಣ ಎರಡು ವರ್ಷ ಹೆಚ್ಚು ಬೆಳೆಯುತ್ತದೆ, ಎರಡು ವರ್ಷ ಹೆಚ್ಚು ತುಂಬುತ್ತದೆ, ತಿನ್ನುವ ವರ್ಷಗಳು 37ರಿಂದ 35ಕ್ಕೆ ಇಳಿಯುತ್ತವೆ. ಲೆಕ್ಕ ಹೀಗಾಗುತ್ತದೆ: ಕೈಯಲ್ಲಿ 2.68 ಕೋಟಿ, ಬೇಕಾದ್ದು, ಬೆಲೆಯೂ ಎರಡು ವರ್ಷ ಏರಿರುತ್ತದಲ್ಲ, 2.98 ಕೋಟಿ. ಕೊರತೆ 30 ಲಕ್ಷಕ್ಕೆ ಇಳಿಯಿತು.

ಮಿಕ್ಕದ್ದಕ್ಕೆ ನಿಮ್ಮ ಮನೆಯ ಮೇಲಂತಸ್ತು ಇದೆ. ಹೊರಗಿನಿಂದ ಮೆಟ್ಟಿಲು, ಬೇರೆ ಮೀಟರು ಮಾಡಿಸಿ ಬಾಡಿಗೆಗೆ ಕೊಟ್ಟರೆ ಇವತ್ತಿನ ಲೆಕ್ಕಕ್ಕೆ ತಿಂಗಳಿಗೆ 8,000 ಎನ್ನೋಣ. ವರ್ಷಕ್ಕೆ ಎರಡು ತಿಂಗಳು ಖಾಲಿ ಹಿಡಿಯಿರಿ, ರಿಪೇರಿಗೆ 20,000 ಕಳೆಯಿರಿ, ಉಳಿಯುವುದು 60,000. ಬಾಡಿಗೆ ಬೆಲೆಯ ಜೊತೆ ಏರುವ ಆದಾಯ, ಆದ್ದರಿಂದ ಪೂರ್ತಿ ಕಳೆಯಬಹುದು. 60ರ ಹೊತ್ತಿಗೆ ಅದು 27 ಲಕ್ಷ ಮೂಲಧನಕ್ಕೆ ಸಮ. ಉಳಿದ ಮೂರು ಲಕ್ಷಕ್ಕೆ ನಿದ್ದೆಗೆಡಬೇಕಾಗಿಲ್ಲ. ಕಂಪನಿ 58ಕ್ಕೇ ಕಳಿಸಿದರೆ ಉಡುಪಿಯಲ್ಲೇ ಆಡಿಟರ್ ಕಚೇರಿಯಲ್ಲೋ ನಾಲ್ಕು ಅಂಗಡಿಗಳ ಜಿಎಸ್‌ಟಿ ಕೆಲಸ ಹಿಡಿದೋ ಮನೆಖರ್ಚಿನಷ್ಟು ದುಡಿದರೂ ಸಾಕು: ಉಳಿತಾಯ ನಿಂತರೂ ಗಂಟು ಕರಗುವುದಿಲ್ಲ. ಆಗ ಕೊರತೆ ಇನ್ನೊಂದು 14 ಲಕ್ಷದಷ್ಟು ಹೆಚ್ಚು, ಅಷ್ಟೇ.

ಮನೆ, ಜಾಗ, ಚಿನ್ನವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವಾಸದ ಮನೆ ಮಾರಿ ಅಕ್ಕಿ ತರುವುದು ಯಾರ ಯೋಜನೆಯೂ ಅಲ್ಲ. ಹೆಚ್ಚುವರಿ ಜಾಗ ಇರುವವರು ಅದನ್ನು 'ಬೇಕಾದಾಗ ಮಾರಿದರಾಯಿತು' ಎಂದು ಬರೆದಿಟ್ಟುಕೊಳ್ಳುತ್ತಾರೆ. ಕುಟುಂಬದ ಆಸ್ತಿಯಾದರೆ ವಿಭಾಗ ಪತ್ರ, ಆರ್‌ಟಿಸಿಯಲ್ಲಿನ ಹೆಸರು, ಸರ್ವೆ ನಕ್ಷೆ ಸರಿ ಇಲ್ಲದೆ ಬೇಕಾದ ಹೊತ್ತಿಗೆ ಮಾರಾಟವಾಗುವುದಿಲ್ಲ. ಅಡಿಕೆ ತೋಟ ಇರುವ ಪುತ್ತೂರು, ಬೆಳ್ತಂಗಡಿ, ಕಾರ್ಕಳ ಕಡೆಯ ಓದುಗರು ಐದು ವರ್ಷದ ಸರಾಸರಿ ಆದಾಯ ತೆಗೆದು ಅರ್ಧವನ್ನಷ್ಟೇ ಹಿಡಿಯಬೇಕು. ಕೊಳೆರೋಗ ಬಂದ ವರ್ಷ, ಬೋರ್ಡೋ ದ್ರಾವಣ ಹೊಡೆಯಲು ಜನ ಸಿಗದ ವರ್ಷ ತೋಟ ನಿಮ್ಮಿಂದಲೇ ಹಣ ಕೇಳುತ್ತದೆ.

ಈಗ ಹಣ ಇಡುವ ಜಾಗದ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ಸೊಸೈಟಿಯ 12 ಲಕ್ಷ. ನಮ್ಮದು ಬ್ಯಾಂಕುಗಳ ತವರು. 1906ರಲ್ಲಿ ಕೆನರಾ, ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಇಲ್ಲಿಂದಲೇ ಹೊರಟವು. 1928ರಿಂದ ಪಿಗ್ಮಿ ಸಂಗ್ರಹಿಸುವವರು ಮನೆಬಾಗಿಲಿಗೆ ಬಂದು ಹಣ ಕೊಂಡುಹೋದ ಊರಿದು. ಆ ನಂಬಿಕೆಯ ಬಲದಲ್ಲೇ ಸೊಸೈಟಿಗಳಿಗೂ ನಾವು ಹಾಗೆಯೇ ಹಣ ಕೊಡುತ್ತೇವೆ: ಮ್ಯಾನೇಜರ್ ಪರಿಚಯದವರು, ನಿರ್ದೇಶಕರಲ್ಲಿ ಒಬ್ಬರು ನೆಂಟರು, ಬಡ್ಡಿ ಬ್ಯಾಂಕಿಗಿಂತ ಒಂದೆರಡು ಶೇಕಡಾ ಜಾಸ್ತಿ. ವ್ಯತ್ಯಾಸ ಇಷ್ಟು: ರಿಸರ್ವ್ ಬ್ಯಾಂಕ್ ಪರವಾನಗಿ ಇರುವ ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಾದರೂ ಸರಿ, ಒಬ್ಬ ಠೇವಣಿದಾರರಿಗೆ ಅಸಲು–ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, 2020ರ ಫೆಬ್ರವರಿಯಿಂದ ಈ ಮಿತಿ. ಕ್ರೆಡಿಟ್ ಸೊಸೈಟಿ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಎಷ್ಟು ಪ್ರಾಮಾಣಿಕವಾಗಿ ನಡೆಯುತ್ತಿದ್ದರೂ ಇಲ್ಲ. ಒಟ್ಟು ಹಣದ ಶೇ. 5ಕ್ಕಿಂತ ಹೆಚ್ಚು ಅಲ್ಲಿ ಇರಬಾರದು. ನಿಮ್ಮ ಮಟ್ಟಿಗೆ ಅದು 5 ಲಕ್ಷದ ಒಳಗೆ. ಉಳಿದದ್ದನ್ನು ಅವಧಿ ಮುಗಿದಂತೆ ತೆಗೆದು ಬ್ಯಾಂಕಿಗೆ ತನ್ನಿ. ಎಫ್‌ಡಿಯನ್ನೂ ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿ.

60 ತುಂಬಿದ ಮೇಲೆ ಮೊದಲು ತುಂಬಬೇಕಾದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆ. ಮಿತಿ 30 ಲಕ್ಷ, ಅವಧಿ ಐದು ವರ್ಷ, ಮತ್ತೆ ಮೂರು ಮೂರು ವರ್ಷಕ್ಕೆ ಮುಂದುವರಿಸಬಹುದು. ಶೇ. 8.2ರ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಹೊಸ ಖಾತೆಗಳ ದರ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ತೆರೆದ ದಿನದ ದರ ನಿಮ್ಮ ಐದು ವರ್ಷಕ್ಕೂ ಇರುತ್ತದೆ. 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಈ ಖಾತೆ ತೆರೆಯಬಹುದು, ಆದ್ದರಿಂದ 58ಕ್ಕೆ ಬಿಡಬೇಕಾಗಿ ಬಂದರೆ ಆ ತಾರೀಕು ತಪ್ಪಿಸಬೇಡಿ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿಯಾಗಿ 15 ಲಕ್ಷ ಇಡಬಹುದು, ಶೇ. 7.4ಕ್ಕೆ ತಿಂಗಳಿಗೆ 9,250. ಗಲ್ಫ್‌ನಿಂದ ಇನ್ನೂ ಮರಳದವರಿಗೆ, ಅಂದರೆ ಅನಿವಾಸಿ ಸ್ಥಾನಮಾನ ಇರುವವರಿಗೆ, ಈ ಎರಡೂ ಸಿಗುವುದಿಲ್ಲ.

ತೆರಿಗೆಗೆ ಹೆದರಬೇಡಿ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಬಡ್ಡಿ, ಪಿಂಚಣಿಯಂಥ ಆದಾಯಕ್ಕೆ ತೆರಿಗೆ ಬರುವುದಿಲ್ಲ. ಈಕ್ವಿಟಿಯ ದೀರ್ಘಾವಧಿ ಲಾಭದ ಲೆಕ್ಕ ಬೇರೆ: ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ. 12.5. ಹೆಂಡತಿಯ ಹೆಸರಿಗೆ ನಿಮ್ಮ ಹಣ ಹಾಕಿ ಎಫ್‌ಡಿ ಮಾಡಿದರೆ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ.

ಈಕ್ವಿಟಿ ಬೇಕು ಎಂದೆ. ಅದು ನಿವೃತ್ತರನ್ನು ಕೆಡಿಸುವ ಬಗೆಯನ್ನೂ ತಿಳಿದಿರಬೇಕು. 40 ಲಕ್ಷ ಫಂಡಿನಲ್ಲಿದೆ, ನಿವೃತ್ತಿಯ ಮೊದಲ ವರ್ಷವೇ ಪೇಟೆ ಬಿದ್ದು ಅದು 26 ಲಕ್ಷವಾಯಿತು ಎನ್ನಿ. ಮನೆಖರ್ಚಿಗೆ ಬೇರೆ ದಾರಿಯಿಲ್ಲದೆ 5 ಲಕ್ಷ ತೆಗೆದರೆ 21 ಲಕ್ಷ ಉಳಿಯಿತು. ಪೇಟೆ ಮತ್ತೆ ಹಳೆಯ ಮಟ್ಟಕ್ಕೆ ಬಂದಾಗ ಅದು 32.3 ಲಕ್ಷವಷ್ಟೇ ಆಗುತ್ತದೆ. ತೆಗೆದದ್ದು ಐದಾದರೂ ಹೋದದ್ದು ಏಳೂಮುಕ್ಕಾಲು. ಇದೇ ಕುಸಿತ ಹದಿನೈದು ವರ್ಷ ಬಿಟ್ಟು ಬಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅದಕ್ಕಾಗಿ ಮೂರು ವರ್ಷದ ಖರ್ಚು, ನಿಮ್ಮ ಲೆಕ್ಕದಲ್ಲಿ 28 ಲಕ್ಷದಷ್ಟು, ಉಳಿತಾಯ ಖಾತೆ ಮತ್ತು ಒಂದು, ಎರಡು, ಮೂರು ವರ್ಷಕ್ಕೆ ಮುಗಿಯುವ ಎಫ್‌ಡಿಗಳಲ್ಲಿರಲಿ. ಪೇಟೆ ಚೆನ್ನಾಗಿದ್ದ ವರ್ಷ ಫಂಡಿನಿಂದ ತೆಗೆದು ಇದನ್ನು ತುಂಬಿ, ಬಿದ್ದ ವರ್ಷ ಫಂಡನ್ನು ಮುಟ್ಟಬೇಡಿ. ಈಗ ನಿಮ್ಮ 108 ಲಕ್ಷದಲ್ಲಿ ಈಕ್ವಿಟಿ ಇರುವುದು ಶೇ. 18–19 ಮಾತ್ರ, ಆದ್ದರಿಂದಲೇ ಹೊಸ ಉಳಿತಾಯವನ್ನೆಲ್ಲ ಅಲ್ಲಿಗೆ ತಿರುಗಿಸಲು ಹೇಳಿದ್ದು.

ಆರೋಗ್ಯ ವಿಮೆಯನ್ನು ಈ ತಿಂಗಳೇ ಮಾಡಿಸಿ. ಕಂಪನಿಯ ಗುಂಪು ವಿಮೆ ಇದೆಯೆಂದು 58ರವರೆಗೆ ಕಾಯುವುದು ದೊಡ್ಡ ತಪ್ಪು. ಬಿಪಿ, ಶುಗರ್‌ನಂಥ ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯುವ ಅವಧಿ ಹಾಕಬಹುದು. ಈಗ ತೆಗೆದುಕೊಂಡರೆ ಕಂಪನಿಯ ವಿಮೆ ಇರುವಾಗಲೇ ಅದು ಕಳೆದುಹೋಗುತ್ತದೆ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಪಾಲಿಸಿ ಆರಿಸುವಾಗ ರೂಮ್ ಬಾಡಿಗೆಯ ಮಿತಿ ಇದೆಯೇ ನೋಡಿ. ದಿನಕ್ಕೆ 4,000ದ ಮಿತಿ ಇದ್ದು ನೀವು 8,000ದ ರೂಮಿನಲ್ಲಿ ಮಲಗಿದರೆ ಕಡಿತವಾಗುವುದು ರೂಮಿನ ವ್ಯತ್ಯಾಸ ಮಾತ್ರವಲ್ಲ. ಡಾಕ್ಟರ ಶುಲ್ಕ, ಆಪರೇಶನ್ ಥಿಯೇಟರ್ ಶುಲ್ಕವನ್ನೂ ಅದೇ ಅನುಪಾತದಲ್ಲಿ ಅರ್ಧಕ್ಕಿಳಿಸಬಹುದು. ಇಂಥ ಮಿತಿ ಇಲ್ಲದ, ಇಬ್ಬರಿಗೂ ಕನಿಷ್ಠ 10 ಲಕ್ಷದ ಪಾಲಿಸಿ ಆಗಲಿ. ಮಣಿಪಾಲದ ಆರೋಗ್ಯ ಕಾರ್ಡ್ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದೇ, ಹೊರರೋಗಿ ವಿಭಾಗದಲ್ಲಿ ರಿಯಾಯಿತಿ ಸಿಗುತ್ತದೆ. ಆದರೆ ಅದು ರಿಯಾಯಿತಿ ಕಾರ್ಡು, ವಿಮೆಯಲ್ಲ.

ಮಕ್ಕಳ ವಿಷಯಕ್ಕೆ ಒಂದು ಮಾತು. ಮದುವೆಗೆ ಬೇರೆ ಹಣ ಇಟ್ಟಿದ್ದೀರಿ, ಸಂತೋಷ. ಹಾಲ್, ಊಟ, ಚಿನ್ನ ಎಂದು ಅದು ಮೀರಿ ನಿವೃತ್ತಿಯ ಗಂಟಿನಿಂದ 5 ಲಕ್ಷ ತೆಗೆದರೆ, ಶೇ. 8ರಂತೆ ಎಂಟು ವರ್ಷಕ್ಕೆ 9.25 ಲಕ್ಷ ಆಗಬೇಕಿದ್ದದ್ದು ಹೋಯಿತು. ಮಗನಿಗೆ ವಿದೇಶದಲ್ಲಿ ಓದುವ ಆಸೆಯಾದರೆ ಶಿಕ್ಷಣ ಸಾಲ ಅವನ ಹೆಸರಲ್ಲಿ ಆಗಲಿ, ನಿಮ್ಮ ಪಿಎಫ್‌ನಿಂದ ಬೇಡ. ಅವನಿಗೆ ಓದಲು ಸಾಲ ಸಿಗುತ್ತದೆ. 75ರಲ್ಲಿ ನಿಮಗೆ ಬದುಕಲು ಯಾರೂ ಸಾಲ ಕೊಡುವುದಿಲ್ಲ.

ಪ್ರತಿ ಏಪ್ರಿಲ್‌ನಲ್ಲಿ ಒಂದು ಗಂಟೆ ಇಟ್ಟುಕೊಂಡು ಇದೇ ಲೆಕ್ಕವನ್ನು ಹೊಸ ಸಂಖ್ಯೆಗಳೊಂದಿಗೆ ಮತ್ತೆ ಮಾಡಿ: ಕಳೆದ ವರ್ಷದ ಖರ್ಚು, ಉಳಿದ ವರ್ಷಗಳು, ಕೈಯಲ್ಲಿರುವ ಹಣ. ಕೈಯಲ್ಲಿರುವುದನ್ನು ಖರ್ಚಿನಿಂದ ಭಾಗಿಸಿದಾಗ ಅಷ್ಟು ವರ್ಷಕ್ಕೆ ಮೇಲೆ ಹೇಳಿದ ಪಟ್ಟುಗಳಿಗಿಂತ ಕಡಿಮೆ ಬಂದರೆ ಆ ವರ್ಷ ಯಾತ್ರೆ, ಉಡುಗೊರೆಯಲ್ಲಿ ಕೈ ಬಿಗಿ ಹಿಡಿಯಬೇಕು. ಹೆಚ್ಚು ಬಂದರೆ ನಿರಾಳವಾಗಿ ಖರ್ಚು ಮಾಡಬಹುದು. ಈ ಲೆಕ್ಕಕ್ಕೆ ಕೂರುವಾಗ ಮನೆಯವರೂ ಪಕ್ಕದಲ್ಲಿರಲಿ. ಖಾತೆಗಳೆಲ್ಲ ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತೆ ಜಂಟಿಯಾಗಿರಲಿ, ಪ್ರತಿಯೊಂದಕ್ಕೂ ನಾಮಿನಿ ಇರಲಿ. ಒಂದು ಎಫ್‌ಡಿಯ ನವೀಕರಣವನ್ನು, ಒಂದು ಫಂಡಿನ ಹಣ ಹಿಂಪಡೆಯುವುದನ್ನು ಈ ವರ್ಷವೇ ಅವರ ಕೈಯಿಂದ ಮಾಡಿಸಿ. 37 ವರ್ಷದ ಆ ಲೆಕ್ಕದ ಕೊನೆಯ ಭಾಗವನ್ನು ನಡೆಸಬೇಕಾದವರು ಅವರು.